ಆಧಾರ್ ಜೆರಾಕ್ಸ್ ತರುವಷ್ಟರಲ್ಲಿ

ಹಿಂದೆ ಎಷ್ಟು ಬಸಿರು ಎಂದು ಕೇಳಿದಳು.
ನಾನು ಬಾಯಿ ತೆರೆಯುವ ಮೊದಲೇ ಅತ್ತೆ,
ಶ್ರೀನಿವಾಸಪುರದ ತೆಲುಗಿನಲ್ಲಿ, ಸೆರಗು ಸರಿಮಾಡಿಕೊಂಡು,
'ಇದೇ ಮೊದಟಿ ಕಾನ್ಪು' ಅಂದುಬಿಟ್ಟರು.
ಸಿಸ್ಟರ್ ನಾಗವೇಣಿ ನನ್ನ ಮುಖ ನೋಡಿದಳು,
ತಾಯಿ ಕಾರ್ಡು ಮುಚ್ಚಿದಳು.
'ಅಮ್ಮಾ, ಸೊಸೆಯ ಆಧಾರ್ ಜೆರಾಕ್ಸ್ ಬೇಕಲ್ಲ.
ಗೇಟಿನಾಚೆ ಅಂಗಡಿ. ಎರಡು ಕಾಪಿ.'

ಜೆರಾಕ್ಸ್ ಆಗಲೇ ಫೈಲಿನಲ್ಲಿತ್ತು.
ಎರಡು ಕಾಪಿ.

ನಾನೂ ಅಂಕಣ ತುಂಬುವವಳೇ.
ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಆರು ವರ್ಷ ರೈಟರು:
ಲಾಟ್ ನಂಬರು, ಬಾಕ್ಸು, ರೇಟು, ಹಮಾಲಿ,
ಕೊನೆಗೆ ಡ್ಯಾಮೇಜು.
ಬರೆಯದೆ ಬಿಟ್ಟದ್ದು ಸೊನ್ನೆಯಲ್ಲ ಕಣ್ರೋ ಅಂತ
ಹೊಸ ಹುಡುಗರಿಗೆ ಗದರುತ್ತಿದ್ದವಳು.

'ಈಗ ಹೇಳು.'
ಒಂದು, ಅಂದೆ.
ಯಾರದು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ.
ಎಷ್ಟು ತಿಂಗಳಿಗೆ? ಮಾತ್ರೆಯಾ, ಕ್ಲೀನ್ ಮಾಡಿದ್ರಾ?
ಒಂದೇ ಸಲಾನಾ? ಆಮೇಲೆ ಜ್ವರ ಬಂತಾ?
ಅದಕ್ಕೆ ಇಷ್ಟು ಸಣ್ಣ ಸಣ್ಣ ಪ್ರಶ್ನೆಗಳೂ ಇರುತ್ತವೆಂದು
ನನಗೆ ಗೊತ್ತೇ ಇರಲಿಲ್ಲ.

ಮೂರು ತುಂಬಿರಲಿಲ್ಲ. ಚಿಂತಾಮಣಿ. ಕ್ಲೀನ್ ಮಾಡಿದರು.
ಜ್ವರ ಎರಡು ದಿನ.
ಮೂರನೇ ದಿನ ಮಂಡಿಯಲ್ಲಿದ್ದೆ. ಬಾಕ್ಸಿಗೆ ಎಂಟುನೂರು ಓಡುತ್ತಿತ್ತು,
ರಜೆ ಕೇಳುವ ವಾರವಲ್ಲ ಅದು.

ಅವಳು ಬರೆದದ್ದು ಕಾರ್ಡಿನಲ್ಲಲ್ಲ.
ತನ್ನ ರಿಜಿಸ್ಟರಿನ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಇರುವೆಯಷ್ಟು.
'ಮರ್ಯಾದೆ ಲೆಕ್ಕ ಅಲ್ಲಮ್ಮಾ ಇದು. ಗರ್ಭದ ಬಾಯಿ ಲೆಕ್ಕ.
ಸ್ಕ್ಯಾನಲ್ಲಿ ಅದನ್ನೂ ಅಳೀಲಿ ಅಂತ ಡಾಕ್ಟರಿಗೆ ಹೇಳ್ತೀನಿ.'

ಅತ್ತೆ ತುಂಬ ಹೊತ್ತಿನ ಮೇಲೆ ಬಂದರು, ಬರಿಗೈ.
ಅಂಗಡಿ ಮುಚ್ಚಿದೆ ಅಂದರು.
ಹೊರಡುವಾಗ ನೋಡಿದೆ: ತೆರೆದಿತ್ತು.
ಯಂತ್ರದೊಳಗೆ ಹಸಿರು ಬೆಳಕು
ಹೋಗುತ್ತಿತ್ತು, ಬರುತ್ತಿತ್ತು.

ಅಳೆದರು. ಎರಡು ಸಲ ಅಳೆದರು.
ಆದರೂ ಮೂವತ್ತಮೂರನೇ ವಾರ, ಹರಾಜು ಶುರುವಾಗುವ ಹೊತ್ತಿಗೆ,
ನೀರು ಹೋಯಿತು.

ಒಂದು ಕಿಲೋ ಆರುನೂರ ನಲವತ್ತು.
ತೂಕ ನನ್ನ ಕೈಗೇ ಗೊತ್ತು, ತಕ್ಕಡಿ ಬೇಡ.
ಮಧ್ಯಮ ಗಾತ್ರದ ಹಣ್ಣಾದರೆ ಇಪ್ಪತ್ತು ಬರಬಹುದು.
ಗಾಜಿನಾಚೆಯ ಆ ಇಪ್ಪತ್ತನ್ನು ಮುಟ್ಟುವ ಹಾಗಿರಲಿಲ್ಲ.

ರಾತ್ರಿ ಬೆಂಚಿನ ಮೇಲೆ ಕೂಡಿದೆ, ಕಳೆದೆ.
ಅಂದು ತೆಗೆಸಿದ್ದು ಇಂದು ಇದರ ಲೆಕ್ಕಕ್ಕೆ ಬಿತ್ತು,
ಹಳೆ ಬಾಕಿ, ಬಡ್ಡಿ ಸಮೇತ.
ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ
ನನಗೇ ಅನುಮಾನ ಬಂತು.
ಒಂದೇ ಸಲಕ್ಕೆ ತಾಳೆಯಾಗುವ ಪಟ್ಟಿಯನ್ನು
ಮಂಡಿಯಲ್ಲಿ ಯಾರೂ ನಂಬುವುದಿಲ್ಲ.

ಡಾಕ್ಟರ್ ತಸ್ಕೀನ್ ಸಣ್ಣ ಹುಡುಗಿ, ಕಣ್ಣ ಕೆಳಗೆ ಕಪ್ಪು.
'ಹಾಗೆ ಹೇಳೋಕಾಗಲ್ಲ. ಕ್ಲೀನ್ ಮಾಡಿಸ್ಕೊಂಡವರಲ್ಲಿ
ಮಗು ಬೇಗ ಬರೋದು ಸ್ವಲ್ಪ ಹೆಚ್ಚು ಅಂತಾರೆ. ಸ್ವಲ್ಪ.
ನಿಮಗೆ ರಕ್ತ ಒಂಬತ್ತಿತ್ತು, ಮೂತ್ರದಲ್ಲಿ ಇನ್ಫೆಕ್ಷನ್ ಇತ್ತು.
ಏನೂ ಇಲ್ಲದವರಿಗೂ ಬರ್ತಾವೆ.
ಯಾವುದರಿಂದ ಅಂತ ಬರೆದುಕೊಡು ಅಂದ್ರೆ ನಾನು ಬರೆಯಲ್ಲ.'

ಸ್ವಲ್ಪ.
ಮಂಡಿಯಲ್ಲಿ ಈ ಮಾತಿಗೆ ಅಂಕಣವಿಲ್ಲ.
ಅದನ್ನು ಎಲ್ಲಿಡಬೇಕೋ ತಿಳಿಯದೆ
ಎಷ್ಟೋ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದೆ.

ಒಂಬತ್ತನೇ ದಿನ ಹೊರಗೆ ಕೊಟ್ಟರು, ಎದೆಗೆ ಕಟ್ಟಿಕೊಳ್ಳಲು.
ನಾನು ನಾಲ್ಕು ತಾಸು, ಅತ್ತೆ ಮೂರು.
ಅತ್ತೆಯ ರವಿಕೆಯ ಗುಂಡಿ ಬಿಚ್ಚಿ ನಾನೇ ಮಗುವನ್ನು ಇಟ್ಟೆ.
ಹೊಟ್ಟೆಯ ಮೇಲೆ ಹಳೆಯ ಸುಕ್ಕು,
ಎಷ್ಟು ಬಸಿರಿನದೋ.
ಹೆತ್ತವರು ಮೂವರು ಎಂದಷ್ಟೇ ಕೇಳಿದ್ದೇನೆ.
ಕೇಳಲಿಲ್ಲ.

ಇಂದು ಇಪ್ಪತ್ತು ಗ್ರಾಮು ಏರಿದೆ.
ಬಾಕ್ಸಿನಿಂದ ಉದುರಿದರೆ ಯಾರೂ ಬಗ್ಗಿ ಎತ್ತಿಕೊಳ್ಳದಷ್ಟು.
ನಾಗವೇಣಿ ಪೆನ್ನು ಕೊಟ್ಟಳು, ನೀನೇ ಬರಿ ಅಂದಳು.
ಬರೆಯುತ್ತಿದ್ದೆ.
'ಎಂತ?' ಎಂದರು ಅತ್ತೆ, ಕಣ್ಣು ತೆರೆಯದೆ,
ಮಗು ಎದ್ದೀತೆಂದು ತುಟಿಯಲ್ಲೇ.