ಐತಪ್ಪನ ಲಕ್ಸೆಂಬರ್ಗ್

ಉಪ್ಪಳದಲ್ಲಿ ನಮ್ಮದೊಂದು ಸ್ಟುಡಿಯೋ ಇತ್ತು.
ಈಗ ಅಲ್ಲಿ ಹೈವೇಯ ಮೂರನೇ ಲೇನು.
"ಗಲ್ಲ ಸ್ವಲ್ಪ ಮೇಲೆ" ಎಂದು ಅಪ್ಪ ಹೇಳುತ್ತಿದ್ದ ಜಾಗದಲ್ಲಿ
ಟ್ಯಾಂಕರುಗಳು ಯಾರ ಮಾತೂ ಕೇಳದೆ ಹೋಗುತ್ತವೆ.

ಪರದೆ ಬರೆದವ ಬಂದ್ಯೋಡಿನ ಪೈಂಟರ್ ಐತಪ್ಪ.
ದುಬಾಯಿಯಿಂದ ಯಾರೋ ತಂದ ಬಿಸ್ಕೀಟಿನ ಡಬ್ಬ,
ಮುಚ್ಚಳದಲ್ಲಿ ಗುಡ್ಡ, ಗುಡ್ಡದಲ್ಲಿ ಕೋಟೆ,
ಕೆಳಗೆ ಹೊಳೆ, ಹೊಳೆಕರೆಯಲ್ಲಿ ಚಂದದ ಊರು.
ಹೆಸರನ್ನು ಅರ್ಧ ತುಕ್ಕು ತಿಂದಿತ್ತು.
ಅಟ್ಲಾಸು ತೆರೆದು ಹುಡುಕಿ ಕೊಟ್ಟವಳು ನಾನು, ಏಳನೇ ಕ್ಲಾಸು:
ಲಕ್ಸೆಂಬರ್ಗ್.
ದೇಶ ಎಷ್ಟು ಸಣ್ಣದೆಂದರೆ
ಅದರ ಹೆಸರನ್ನು ಪಕ್ಕದ ದೇಶದ ಮೇಲೆ ಬರೆದಿದ್ದರು.
"ನಮ್ಮ ಹಾಗೆಯೇ" ಎಂದ ಅಪ್ಪ,
ಬಸ್‌ಸ್ಟ್ಯಾಂಡಿನ ಬೋರ್ಡು ನೋಡುತ್ತಾ.

ಐತಪ್ಪ ಕಂಡ ಕೋಟೆ ಎರಡೇ: ಆರಿಕ್ಕಾಡಿ, ಬೇಕಲ.
ಕಲ್ಲೆಂದರೆ ಕೆಂಪಿರಬೇಕು ಅವನಿಗೆ.
ಡಬ್ಬದ ಬೂದುಬಣ್ಣ ನೋಡಿ
"ಪಾಪ, ಮಾಸಿದೆ" ಎಂದು
ಎರಡು ಕೋಟು ಕೆಂಪು ಬಳಿದ.
ಗೋಪುರಗಳ ನಡುವೆ ಒಂದು ಕಾಗೆ ಕೂರಿಸಿದ.
ಕೇಳಿದರೆ, "ಕಾಗೆ ಇಲ್ಲದ ಊರುಂಟಾ?"

ಅಲ್ಲಿಗೆ ಹೋಗಿ ಬಂದವರು ಎಷ್ಟು ಮಂದಿ!
ಮಂಜೇಶ್ವರದ ಮದುಮಕ್ಕಳು,
ಪೈವಳಿಕೆಯ ಬೀಡಿ ಕಟ್ಟುವ ಅಕ್ಕತಂಗಿಯರು,
ಬೆಳಿಗ್ಗೆ ಮೀನು ಮಾರಿ, ಎರಡು ಸಲ ಸಾಬೂನು ಹಾಕಿ ಮಿಂದು
ಮಧ್ಯಾಹ್ನಕ್ಕೆ ಬಂದ ಮೂಸೋಡಿಯ ಹುಡುಗರು,
ಪಾಸ್‌ಪೋರ್ಟಿನ ಫೋಟೋ ಆದ ಮೇಲೆ
"ಇದರ ಎದುರೂ ಒಂದಿರಲಿ" ಎಂದವರು.
ವೀಸಾ ಇಲ್ಲ. ಹದಿನೈದು ರೂಪಾಯಿ, ಮೂರು ಪ್ರತಿ.
ಎಲ್ಲರೂ ಥರ್ಮೋಕೋಲಿನ ಕಂಬದ ಮೇಲೆ ಎಡಗೈ ಇಟ್ಟವರೇ.
ಭಾರ ಹಾಕಬೇಡಿ, ಇಟ್ಟ ಹಾಗೆ ಮಾಡಿ, ಎನ್ನುತ್ತಿದ್ದ ಅಪ್ಪ.

ನಾನೀಗ ಮನೆಯ ಚಾವಡಿಯಲ್ಲಿ ಕಂಪ್ಯೂಟರ್ ಇಟ್ಟು
ಜನರ ಫೋಟೋ ತಿದ್ದುತ್ತೇನೆ.
ಮೊನ್ನೆ ಬೇಳ ಇಗರ್ಜಿಯ ಹತ್ತಿರದ ಬೆನೆಡಿಕ್ಟಾ ಬಾಯಿ ಬಂದರು.
ಲೂರ್ದಿಗೆ ಹೋದ ಯಾತ್ರೆಯ ಬಸ್ಸು
ಒಂದು ದಿನ ಆ ಸಣ್ಣ ದೇಶದಲ್ಲಿ ನಿಂತಿತಂತೆ.
"ಅಲ್ಲಿಯ ಬಸ್ಸಿಗೆ ಟಿಕೇಟೇ ಇಲ್ಲ ಮಾರಾಯ್ತಿ!
ಕಂಡಕ್ಟರ್ ಇಲ್ಲ, ಹಾಗಾಗಿ ಬೈಗುಳವೂ ಇಲ್ಲ.
ಜನ ಮೂರು ಭಾಷೆ ಮಾತಾಡ್ತಾರೆ ಅಂತ ಗೈಡಿಗೆ ದೊಡ್ಡ ಹೆಮ್ಮೆ.
ಮೂರೇಯಾ ಅಂತ ಕೇಳಿದೆ ನಾನು, ಕೊಂಕಣಿಯಲ್ಲಿ."

ಊರಿನ ಹೆಸರು ವಿಯಾಂಡೆನ್.
ತಿರುವು ದಾಟಿದ್ದೇ ಕೋಟೆ ಎದುರು.
ಬೆನೆಡಿಕ್ಟಾ ಬಾಯಿಗೆ ಕಾಲೇ ಏಳಲಿಲ್ಲ.
ಇಲ್ಲಿಗೆ ತಾನು ಬಂದದ್ದುಂಟು,
ಎಂಬತ್ತೇಳರಲ್ಲಿ, ಮದುವೆಯ ನಾಲ್ಕನೇ ದಿನ,
ಲಾಜರಸನ ಜೊತೆ, ಉಪ್ಪಳದಲ್ಲಿ ಬಸ್ಸಿಳಿದು.

"ಯಾವುದೋ ಕಾಲದಲ್ಲಿ ಮಾಡು ಕಿತ್ತು ಗುಜರಿಗೆ ಮಾರಿದ್ದರಂತೆ,
ಮತ್ತೆ ಕಟ್ಟಿದ್ದಂತೆ. ಗೈಡ್ ಅದನ್ನು ಹೇಳುವಾಗ
ಯಾರೂ ನೋಡದ ಹಾಗೆ
ಗೋಡೆಯನ್ನು ಉಗುರಿನಲ್ಲಿ ಕೆರೆದೆ.
ಬಣ್ಣ ಬರಲಿಲ್ಲ.
ಥಂಡಿ ಮಾತ್ರ ಬಂತು, ಮೊಣಕೈವರೆಗೆ."

ಮೊಬೈಲು ತೋರಿಸಿದರು.
ಅರುವತ್ತರ ಹೆಂಗಸು, ಸೀರೆ, ಸ್ವೆಟರು, ಕ್ಯಾನ್‌ವಾಸ್ ಶೂ,
ಗಲ್ಲ ಸ್ವಲ್ಪ ಮೇಲೆ.
ಎಡಗೈ ಗಾಳಿಯಲ್ಲಿ, ಇಲ್ಲದ ಕಂಬದ ಮೇಲೆ,
ಭಾರ ಹಾಕದೆ.
ಬಲಕ್ಕೆ ಒಬ್ಬರು ನಿಲ್ಲುವಷ್ಟು ಜಾಗ;
ಹಿಂದಿನಿಂದ ಜನ ದೂಡಿದರೂ ಬಿಟ್ಟುಕೊಡಲಿಲ್ಲವಂತೆ.

"ಅವರನ್ನು ಇಲ್ಲಿ ಹಾಕ್ಲಿಕ್ಕೆ ಆಗ್ತದಾ?"
ಹಳೆಯ ಫೋಟೋ ತಂದಿದ್ದರು, ಫ್ರೇಮಿನ ಸಮೇತ.

ಸ್ಕ್ಯಾನ್ ಮಾಡಿ ಲಾಜರಸರನ್ನು ಬಿಡಿಸಿದೆ.
ಕೋಟು ಬಂತು, ಎಣ್ಣೆ ಹಾಕಿದ ಕ್ರಾಪು ಬಂತು.
ಎಷ್ಟು ಅಳಿಸಿದರೂ ಭುಜದ ಸುತ್ತ, ಕಿವಿಯ ಹಿಂದೆ
ಐತಪ್ಪನ ಕೆಂಪು ಬಿಡಲಿಲ್ಲ.
ಬೂದುಗಲ್ಲಿನ ಎದುರು ಇಪ್ಪತ್ತಾರರ ಹುಡುಗ,
ಪಕ್ಕದಲ್ಲಿ ಅವನ ತಾಯಿಯ ಪ್ರಾಯದ ಹೆಂಡತಿ,
ಅವನೊಬ್ಬನ ಸುತ್ತ ನಮ್ಮ ಊರಿನ ಕಲ್ಲು.

ಒಂದು ಗಂಟೆ ಕೊಡಿ, ಸರಿ ಮಾಡ್ತೇನೆ, ಎಂದೆ.
ಕನ್ನಡಕ ಹಣೆಗೇರಿಸಿ
ಸ್ಕ್ರೀನಿಗೆ ಮೂಗು ತಾಗುವಷ್ಟು ಬಾಗಿ
ತುಂಬ ಹೊತ್ತು ನೋಡಿದರು.
"ಕಾಗೆ ಎಲ್ಲಿ?" ಎಂದರು.