ಕೊಸರು

ಎಲಿಸೆಯೊ ಕೋಲ್ಕೆ ಇಪ್ಪತ್ತೆರಡು ವರ್ಷ
ತಾಮ್ರದ ಗಣಿಯ ತೂಕದ ಕಟ್ಟೆಯಲ್ಲಿ ಕೂತವನು.
ಲಾರಿ ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ,
ಕಳೆದುಳಿದದ್ದು ಅದಿರು.
ಒದ್ದೆ ಟನ್ನೇ ಬೇರೆ, ಒಣ ಟನ್ನೇ ಬೇರೆ,
ನೀರಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಈಗ ಅವನದು ಬೇರೆ ಹೊರೆ.
ಐದು ಸಾವಿರ ಮೀಟರ್ ಮೇಲೆ, ಹುಲ್ಲೂ ಹುಟ್ಟದ ಬಯಲಲ್ಲಿ
ಬಿಳಿ ಬೋಗುಣಿಗಳು ಆಕಾಶಕ್ಕೆ ಬಾಯ್ದೆರೆದು ಕೂತಿವೆ.
ಅವು ರಾತ್ರಿಯಿಡೀ ಹೀರಿದ್ದನ್ನು ಡಿಸ್ಕುಗಳಿಗೆ ತುಂಬಿ
ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ, ಪಿಕಪ್ಪಿನ ಹಿಂದೆ,
ಕಲಾಮಾದ ವಿಮಾನ ನಿಲ್ದಾಣಕ್ಕೆ ಇಳಿಸಬೇಕು.
ತಂತಿಯಲ್ಲಿ ಕಳಿಸಿದರೆ ತಿಂಗಳುಗಟ್ಟಲೆಯಂತೆ.
ಎಲಿಸೆಯೊ: ಮೂರೂವರೆ ಗಂಟೆ,
ನಡುವೆ ಒಂದು ಚಹಾ.

ಹಳೆಯ ಚಟ ಬಿಡಲಿಲ್ಲ.
ಖಾಲಿ ಡಿಸ್ಕುಗಳನ್ನು ಹತ್ತಿಸುವಾಗ ತೂಗಿದ,
ತುಂಬಿದವನ್ನು ಇಳಿಸುವಾಗ ತೂಗಿದ.
ಇಪ್ಪತ್ತೊಂದು ಕಿಲೋ ನಾನೂರು ಗ್ರಾಂ.
ಇಪ್ಪತ್ತೊಂದು ಕಿಲೋ ನಾನೂರು ಗ್ರಾಂ.
ಮುಳ್ಳು ಅಲುಗಲಿಲ್ಲ.
"ಇಂಜಿನಿಯರಮ್ಮ, ನಿಮ್ಮನ್ನು ಯಾರೋ ಏಮಾರಿಸಿದ್ದಾರೆ,
ಇದರೊಳಗೆ ಏನೂ ಇಲ್ಲ."
ರೋಸೌರಾ ನಕ್ಕಳು, ಮೂಗಿಗೆ ಸಿಕ್ಕಿಸಿದ
ಆಮ್ಲಜನಕದ ಕೊಳವೆ ಜಾರುವಷ್ಟು.

ಜಗಳ ಶುರುವಾದದ್ದು ಆಮೇಲೆ.
ತನ್ನ ಬ್ಯಾಂಡಿನ ತಾಲೀಮುಗಳನ್ನು ಕೂಡಿಡಲು
(ಅವನು ಟ್ಯೂಬಾ ಊದುತ್ತಾನೆ, ಉಸಿರಿನ ಲೆಕ್ಕ ಬಲ್ಲ)
ಸ್ವಂತ ದುಡ್ಡಿನಲ್ಲಿ ಒಂದು ಡಿಸ್ಕು ಕೊಂಡ.
ರಟ್ಟಿನ ಮೇಲೆ: ಒಂದು ಟೆರಾಬೈಟ್.
ಪರದೆಯ ಮೇಲೆ: ಒಂಬೈನೂರ ಮೂವತ್ತೊಂದು ಗಿಗಾ.
"ಸಾವಿರಕ್ಕೆ ಅರವತ್ತೊಂಬತ್ತು ಕಮ್ಮಿ.
ಏನಾಯಿತು? ನೀರು ಆರಿತೇ?"

"ಆರಿಲ್ಲ," ಅಂದಳು. "ಅಂಗಡಿಯವನು ಬೆರಳು ಮಡಚಿ ಎಣಿಸುತ್ತಾನೆ,
ಹತ್ತು, ನೂರು, ಸಾವಿರ.
ಯಂತ್ರಕ್ಕೆ ಬೆರಳಿಲ್ಲ, ಇಮ್ಮಡಿಸುವುದೊಂದೇ ಗೊತ್ತು:
ಎರಡು, ನಾಲ್ಕು, ಎಂಟು, ಹದಿನಾರು...
ಐನೂರ ಹನ್ನೆರಡಕ್ಕೆ ಬಂದು ಮತ್ತೊಂದು ಹೆಜ್ಜೆ ಇಟ್ಟರೆ
ಸಾವಿರದ ಬಾಗಿಲು ದಾಟಿ
ಇಪ್ಪತ್ತನಾಲ್ಕು ಮುಂದೆ ಹೋಗಿ ನಿಲ್ಲುತ್ತದೆ.
ಅದನ್ನೂ ಕಿಲೋ ಅಂತಲೇ ಕರೆದರು.
ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಎಲಿಸೆಯೊ."

"ಇಬ್ಬರೂ ಸುಳ್ಳು ಹೇಳದಿದ್ದಾಗಲೇ," ಅಂದ ಅವನು,
"ತಕ್ಕಡಿ ಹಿಡಿದವನಿಗೆ ಕಷ್ಟ."

ಶನಿವಾರ. ಮಾರುಕಟ್ಟೆ.
ಫೆರ್ಮಿನಾ ಅಯವಿರೆ ಒಂದು ಕಿಲೋ ಆಲೂಗಡ್ಡೆ ತೂಗಿ,
ತೂಗಿದ ಮೇಲೆ, ಅವನ ಮುಖವನ್ನೂ ನೋಡದೆ,
ಎರಡು ಪುಟ್ಟ ಗಡ್ಡೆ ಚೀಲಕ್ಕೆಸೆದಳು.
ಅಲ್ಲಿ ಅದಕ್ಕೆ ಯಾಪಾ ಎನ್ನುತ್ತಾರೆ.
ನಮ್ಮಲ್ಲಿ ಕೊಸರು.
ಅಳತೆ ಮುಗಿದ ಮೇಲೆ ಕೈಗೆ ನೆನಪಾಗುವುದು.

ಎಲಿಸೆಯೊ ನಿಂತಲ್ಲೇ ನಿಂತ.
ಸಾವಿರ, ಮೇಲೆ ಇಪ್ಪತ್ತನಾಲ್ಕು!
ಆಲೂಗಡ್ಡೆ ಪೆಟ್ಟಿಗೆಯ ರಟ್ಟು ಹರಿದು,
ಅವಳ ಪೆನ್ಸಿಲನ್ನೇ ಇಸಿದುಕೊಂಡು ಗುಣಿಸಿದ.
ಕಿಲೋದಲ್ಲಿ ನೂರಕ್ಕೆ ಎರಡೂ ಚಿಲ್ಲರೆ.
ಮೆಗಾದಲ್ಲಿ ಕೊಸರಿಗೂ ಕೊಸರು, ಹತ್ತಿರ ಹತ್ತಿರ ಐದು.
ಗಿಗಾದಲ್ಲಿ ಏಳೂವರೆ ಅನ್ನಿ.
ಟೆರಾ ಹೊತ್ತಿಗೆ ನೂರು ಕೊಂಡವನಿಗೆ
ಹತ್ತು ಪುಕ್ಕಟೆ.

"ನೋಡು, ಯಂತ್ರ ನಿನಗಿಂತ ಧಾರಾಳಿ."

ಫೆರ್ಮಿನಾ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು.
"ಧಾರಾಳಿಯಲ್ಲ, ದಡ್ಡ," ಅಂದಳು.
"ಕಿಲೋ ಕೊಳ್ಳುವವಳಿಗೆ ಎರಡು ಗಡ್ಡೆ ಹಾಕುತ್ತೇನೆ,
ಅವಳ ಮನೆಯಲ್ಲಿ ಒಲೆಯಿದೆ, ಸಂಜೆಯಿದೆ.
ಲಾರಿ ತಂದು ನಿಲ್ಲಿಸುವವನಿಗೆ ಯಾರು ಹಾಕುತ್ತಾರೆ ಯಾಪಾ?
ಮೂಟೆಯ ಲೆಕ್ಕ ಬಂತೆಂದರೆ ಕೈ ತಾನೇ ಮುಚ್ಚಿಕೊಳ್ಳುತ್ತದೆ.
ಅಂಗಡಿಯವನು ಅದನ್ನೇ ಮಾಡಿದ್ದಾನೆ,
ಪೆನ್ಸಿಲ್ ಕೊಡು."

ರಾತ್ರಿ ಅವನು ತಾಲೀಮುಗಳನ್ನೆಲ್ಲ ಸುರಿದ.
ನಲವತ್ತು ಸಂಜೆ, ನಗಾರಿ, ತುತ್ತೂರಿ,
ಈಗಿಲ್ಲದ ಇಬ್ಬರ ಕೆಮ್ಮು ಸಹಿತ.
ತಳ ಹಸಿಯಾಗುವಷ್ಟೂ ತುಂಬಲಿಲ್ಲ,
ಒಂಬೈನೂರ ಚಿಲ್ಲರೆ ಗಿಗಾ ಹಾಗೇ ಖಾಲಿ.

ಅಡಿಗೆಮನೆಯ ತಕ್ಕಡಿಯ ಮೇಲಿಟ್ಟ.
ಗೊತ್ತಿತ್ತು, ಆದರೂ
ಕನ್ನಡಕ ತಂದು ಮತ್ತೊಮ್ಮೆ ಬಗ್ಗಿದ.