ಮೂರು ಹೊಟ್ಟೆಯ ಗಾಡಿ

ತದಡಿ ಬಂದರಿನ ಬಂಗಡೆ ಎರಡು ಪೆಟ್ಟಿಗೆ, ತಾರ್ಲೆ ಒಂದು,
ಏಳೂವರೆಗೆ ಶಿರಸಿ ಮುಟ್ಟಬೇಕು.
ದೇವಿಮನೆ ಘಟ್ಟದ ನಾಲ್ಕನೇ ತಿರುವಿನಲ್ಲಿ
ಆಕ್ಸಿಲೇಟರ್ ತಿರುಪಿದಷ್ಟೂ ಬುಲೆಟ್ಟಿನ ಸದ್ದು ಮೇಲೇರಿತು,
ನಾನು ಕೆಳಗೇ ಉಳಿದೆ.
ಐಸು ಕರಗಿದ ನೀರು ಟಾರಿನ ಮೇಲೆ ಗೆರೆ ಎಳೆದು
ಬಂದ ದಾರಿಯಲ್ಲೇ ಕುಮಟೆಯ ಕಡೆ ಹೊರಟಿತು,
ನನಗಿಂತ ಮೊದಲು.

ತಪ್ಪು ನನ್ನದೇ.
ಗೋಕರ್ಣದಲ್ಲಿ ಟ್ಯಾಕ್ಸಿ ಹೊಡೆಯುವ ಭಾವ
ಅರ್ಧ ಕ್ಯಾನು ಕೊಟ್ಟಿದ್ದ:
‘ಕಾರಿಂದು, ಮೈಲೇಜು ಕೊಡ್ತದೆ, ನೀರಿನ ಹಾಗಿದೆ ನೋಡು.’
ಪುಕ್ಕಟೆ ಸಿಕ್ಕಿತೆಂದು ಕ್ಲಚ್ಚಿನ ಬದಿಗೆ ಸುರಿದಿದ್ದೆ.

ಮೂರೂರು ಕ್ರಾಸಿನ ಇನಾಸ ಬೆರಳದ್ದಿ ಮೂಸಿದ,
ಹೆಬ್ಬೆರಳಿಗೆ ತಿಕ್ಕಿದ. ಬೈಯಲಿಲ್ಲ.
‘ಹಳೇ ಬುಲೆಟ್ಟು ಮೂರು ಹೊಟ್ಟೆಯ ಪ್ರಾಣಿ ಮಾರಾಯ,
ಒಂದರ ಊಟ ಇನ್ನೊಂದಕ್ಕೆ ವಿಷ.
ನೀ ಹಾಕಿದ್ದು ಜಾರಿಸೋದೇ ಕಸುಬಾದ ಎಣ್ಣೆ.
ಇದರೊಳಗೆ ಚೈನು ಜಾರಬೇಕು, ಹೌದು.
ಅದೇ ಎಣ್ಣೆಯಲ್ಲಿ ಮಿಂದ ಪ್ಲೇಟುಗಳು ಮಾತ್ರ
ಒಂದನ್ನೊಂದು ಬಿಡಬಾರದು.’

ಹಾವುಮೀನು ಕೊಯ್ಯುವ ಮೊದಲು ಆಯಿ
ಅಂಗೈಗೆ ಒಲೆಯ ಬೂದಿ ಬಳಿದುಕೊಳ್ಳುತ್ತಿದ್ದಳು.
ಭಾವನ ಎಣ್ಣೆ ತೊಳೆದದ್ದು ಆ ಬೂದಿಯನ್ನೇ.

ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ಜಾಲಿಸಿ
ಹಪ್ಪಳದ ಹಾಗೆ ಪೇಪರಿನ ಮೇಲೆ ಹರವಿದ.
ಗೇರ್‌ಬಾಕ್ಸಿನ ಮಾತು ಬಂದಾಗ ಅವನ ದನಿ ಇಳಿಯಿತು.
ಬರೀ ಗ್ರೀಸು ತುಂಬಿದರೆ ಚಳಿಯ ಬೆಳಿಗ್ಗೆ
ಹಲ್ಲುಚಕ್ರ ತನ್ನಳತೆಯ ಸುರಂಗ ಕೊರೆದುಕೊಂಡು
ಜಿಡ್ಡಿನ ನಡುವೆಯೇ ಒಣಗಿ ತಿರುಗುತ್ತದಂತೆ.
ಬರೀ ಎಣ್ಣೆಯಾದರೆ ಶಿರಸಿ ಮುಟ್ಟುವಷ್ಟರಲ್ಲಿ
ಅರ್ಧ ರಸ್ತೆಗೆ, ಅರ್ಧ ನನ್ನ ಪ್ಯಾಂಟಿಗೆ.
ಲಾರಿಯ ಗೇರೆಣ್ಣೆ? ಅದರ ಗಂಧಕ ಹಲ್ಲು ಕಾಯುತ್ತದೆ,
ಕಂಚಿನ ಬುಶ್ಶು ತಿನ್ನುತ್ತದೆ.
‘ತಿನ್ನೂದಿಲ್ಲ ಅಂತಾರೆ ಕೆಲವರು.
ಅವರ ಬುಶ್ಶು, ಅವರ ಹಣೆಬರಹ.’
ಗ್ರೀಸಿಗೆ ಎಣ್ಣೆ ಬೆರೆಸಿ ಕಡ್ಡಿಯಲ್ಲಿ ಕಲಕಿದ,
ನೀರುದೋಸೆ ಹಿಟ್ಟಿಗಿಂತ ದಪ್ಪ,
ಜೋನಿ ಬೆಲ್ಲಕ್ಕಿಂತ ತೆಳು.

‘ಕ್ಲಚ್ಚಿನ ಬದಿಗೆ?’
‘ಬೈಕಿನ ಸಾದಾ ಎಣ್ಣೆ. ಕೆಂಪೆಣ್ಣೆ ಹೆಸರೆತ್ತಬೇಡ.’

ಕೆಂಪೆಣ್ಣೆ ಅಂದರೆ ಕಾರಿನ ಸ್ಟೇರಿಂಗಿಗೆ ಹಾಕುವುದು.
ಅಂಕೋಲೆಯ ಗಣಬಾ ಅದರ ಮೇಲೆ ಆಣೆಯಿಡುತ್ತಾನೆ.
ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕಲಿತವರು,
ಈ ನಾನೂರು ಮಿಲಿಯ ಸಲುವಾಗಿ
ಹತ್ತೊಂಬತ್ತು ವರ್ಷ ಮಾತಿಲ್ಲ.

ತಿಂಗಳಾದ ಮೇಲೆ ಗಣಬಾನಲ್ಲಿಗೂ ಹೋದೆ.
ಅವನೂ ಬೆರಳದ್ದಿ ಮೂಸಿದ, ಅವನೂ ಹೆಬ್ಬೆರಳಿಗೆ ತಿಕ್ಕಿದ,
ಥೇಟು ಅದೇ ಕೈ.

ತೀರ್ಪು ಕೊಟ್ಟವಳು ಶೇವಂತಿ,
ಗಾಡಿ ಹತ್ತಿದರೆ ಕಣ್ಣು ಮುಚ್ಚುವ ನನ್ನ ಹೆಂಡತಿ:
‘ಕೆಂಪು ಹಾಕು. ಅಂಗಳದಲ್ಲಿ ದಿನಾ ಬೀಳೂದು
ಯಾವ ಹೊಟ್ಟೆಯದು ಅಂತಾದರೂ ಗೊತ್ತಾಗ್ತದೆ.’

ಈಗ ಬೆಳಗಿನ ನಾಲ್ಕಕ್ಕೆ ಟಾರ್ಚು ಹಿಡಿದು
ಗಾಡಿಯ ಕೆಳಗಿನ ರಟ್ಟು ಎಳೆದು ಓದುತ್ತಾಳೆ:
ಕಪ್ಪು ಎರಡು, ಬೆಲ್ಲದ ಬಣ್ಣದ್ದು ಒಂದು,
ಕೆಂಪು, ಕಾಸಿನಗಲ.
‘ಹೋಗಬಹುದು.’

ನಾಲ್ಕನೇ ತಿರುವಿನಲ್ಲಿ ಇವತ್ತಿಗೂ ಎದೆ ಢವಗುಟ್ಟುತ್ತದೆ.
ಕ್ಲಚ್ಚು ನಾನು ಬಿಡುತ್ತೇನೆ,
ಅದು ಹಿಡಿಯುತ್ತದೆ.

ಮೊನ್ನೆ ಇನಾಸ ಲೆವೆಲ್ ಸ್ಕ್ರೂ ಬಿಚ್ಚಿದ.
ಒಂದು ಹನಿ ಅವನ ಬೆರಳ ಮೇಲೆ ಬಿತ್ತು.
ನಾನು ರಸ್ತೆಯ ಬಸ್ಸು ನೋಡುತ್ತ ನಿಂತೆ.
ಬೆಳಕಿಗೆ ಹಿಡಿದ. ಬನಿಯನ್ನಿಗೆ ಒರೆಸಿದ.
ಸ್ಕ್ರೂ ತಿರುಪಿದ, ದುಡ್ಡು ಎಣಿಸಿಕೊಂಡ.
ಕಿಕ್ಕು ಹೊಡೆಯುವಾಗ ಹಿಂದಿನಿಂದ ಕೇಳಿದ:
‘ಅಂಕೋಲೆ ಕಡೆ ಹೇಗೆ, ಎಲ್ಲ ಆರಾಮಾ?’